ಧನಿಗಳ ರೇಸ್ ಸೈಕಲ್

ಅದು ಐವತ್ತೆಂಟನೇ ಇಸವಿ. ಸುಗ್ಗಿ ಕೊಯ್ದು ಭತ್ತವೆಲ್ಲ ಧನಿಗಳ ಗೇಣಿಗೆ ಹೋಗಿತ್ತು. ಗಂಜಿಗೆ ಅಕ್ಕಿ ಇಲ್ಲದ ಒಂದು ಬೆಳಿಗ್ಗೆ, ಕೋಳಿ ಕೂಗುವ ಹೊತ್ತಿಗೆ, ಧನಿಗಳ ಮನೆಯಿಂದ ನನ್ನ ಭಾವ ಕೂಸಪ್ಪನಿಗೆ ಮೊಟ್ಟೆ ಬಂತು.

"ಧನಿಗಳು ಮೊಟ್ಟೆ ಕಳಿಸ್ತಾರೆ ಅಂದ್ರೆ ನನಗೆ ಹೆದರಿಕೆ," ಅಂದಳು ಅವನ ಹೆಂಡತಿ, ನನ್ನ ತಂಗಿ ರಾಜೀವಿ. "ಕೊಯ್ಯುವ ಹುಂಜಕ್ಕೂ ಚೆನ್ನಾಗಿ ತಿನ್ನಿಸ್ತಾರೆ."

ಕೂಸಪ್ಪ ಧನಿಗಳ ಕಂಬಳದ ಕೋಣ ಓಡಿಸುವವ. ಮೂಡಬಿದಿರೆಯಿಂದ ಬಂಟ್ವಾಳಕ್ಕೆ ಸೈಕಲ್ ರೇಸ್ ಉಂಟೆಂದು ಧನಿಗಳು ಹೊಸ ಸೈಕಲ್ ತರಿಸಿ ಇವನನ್ನೇ ಹತ್ತಿಸಿದರು. ಕಲಿಸಲಿಕ್ಕೆ ರೆನ್ಸೋ ಎಂಬ ಇಟಲಿಯವ. ಹಂಚಿನ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದವ. ಅವನ ಊರಲ್ಲಿ ಸಂಬಳಕ್ಕೆ ರೇಸ್ ತುಳಿದು, ಮೊಣಕಾಲು ಹೋದ ಮೇಲೆ ಬಿಟ್ಟವ. ಅವನೂ ಧನಿಗಳ ಜನವೇ ಅಂತ ನನಗೆ ಸಂಶಯ ಇತ್ತು.

ತೋಡಾರಿನ ಏರಿನಲ್ಲಿ ಸೈಕಲ್ ತುಳಿಸುವಾಗ ಒಮ್ಮೆ ಅವನೇ ಹರಕು ಕನ್ನಡದಲ್ಲಿ ಹೇಳಿದ: "ನಾನು ಹತ್ತು ವರ್ಷ ಎದುರು ಗಾಳಿ ತಿಂದೆ. ದೊಡ್ಡ ಸವಾರ ನನ್ನ ಬೆನ್ನ ಹಿಂದೆ ಆರಾಮ. ಕೊನೆಗೆ ಅವನು ಮುಂದೆ, ಹೆಸರು ಅವನದು. ಕೂಸಪ್ಪ, ನೀನು ಮೊದಲು ಮಾತು ತಗೊ. ಎಲ್ಲರ ಎದುರು."

ಗೆದ್ದರೆ ನನಗೇನು ಅಂತ ಕೂಸಪ್ಪ ಧನಿಗಳ ಚಾವಡಿಯಲ್ಲಿ ಎಲ್ಲರ ಎದುರು ಕೇಳಿದ. ಧನಿಗಳು ನಕ್ಕರು. "ಗೆದ್ದರೆ ಸೈಕಲ್ ನಿನಗೇ ಮಾರಾಯ."

ಸೈಕಲ್ ಸಿಕ್ಕಿದರೆ ಮೀನು ಮಾರಿ ಬದುಕುತ್ತೇನೆ, ಇವರ ಗದ್ದೆಗೆ ಇಳಿಯುವುದಿಲ್ಲ ಅಂತ ಕೂಸಪ್ಪ ರಾಜೀವಿಗೆ ಹೇಳಿದ್ದ.

ಗೆದ್ದ. ಬಂಟ್ವಾಳ ಪೇಟೆಗೆ ಮುಟ್ಟುವಾಗ ಬಾಯಲ್ಲಿ ನೊರೆ. ಮೈಕಿನಲ್ಲಿ ಕೂಗಿದ್ದು ಧನಿಗಳ ಹೆಸರು. ಹಾರ ಸೈಕಲ್ಲಿಗೆ, ಪದಕ ಧನಿಗಳಿಗೆ. ಕೂಸಪ್ಪನಿಗೆ ಹೆಗಲಿಗೆ ಹಾಕುವ ಒಂದು ಬೈರಾಸು, ಒಂದು ಬಾಳೆಗೊನೆ.

"ಸೈಕಲ್, ಧನಿ?"

"ಗೆದ್ದ ಕೋಣ ಓಡಿಸಿದವನ ಮನೆಗೆ ಹೋಗ್ತದಾ? ಯಜಮಾನನ ಹಟ್ಟಿಗೆ ಬರ್ತದೆ. ಮೊದಲಿಂದಲೂ ಹಾಗೇ ಉಂಟು."

"ಚಾವಡಿಯಲ್ಲಿ ಹೇಳಿದ್ದು?"

"ತಮಾಷೆ ಗೊತ್ತಾಗುದಿಲ್ವ ನಿಂಗೆ?"

ಸುತ್ತ ನಿಂತವರು ನಕ್ಕರು.

ಕೂಸಪ್ಪ ಸೈಕಲ್ಲನ್ನು ನಡು ರಸ್ತೆಗೆ ತಂದ. "ಕೋಣ ಆದ್ರೆ ಬಿಟ್ಟರೂ ಓಡ್ತದೆ ಧನಿ. ಇದು ಓಡ್ತದಾ ನೋಡುವ."

ಎರಡೂ ಕೈ ಬಿಟ್ಟ. ಸೈಕಲ್ ಹಾರದ ಸಮೇತ ಧೂಳಿಗೆ ಬಿತ್ತು. ನಗು ನಿಂತಿತು.

"ಎತ್ತೋ!" ಧನಿಗಳು ನನ್ನನ್ನು ನೋಡಿದರು. ನಾನು ಕೈ ಹಿಂದೆ ಕಟ್ಟಿದೆ. ಇನ್ನೊಂದು ಒಕ್ಕಲಿನ ಹುಕ್ರಪ್ಪನೂ ಬಗ್ಗಲಿಲ್ಲ. ಕೊನೆಗೆ ಧನಿಗಳೇ ಬಿಳಿ ಪಂಚೆ ಎತ್ತಿ ಕಟ್ಟಿ ಬಗ್ಗಬೇಕಾಯಿತು.

ಅದು ಆದಿತ್ಯವಾರ. ಮಂಗಳವಾರ ಧನಿಗಳ ಜನ ಬಂದು ಕೂಸಪ್ಪನ ಮನೆ ಮಾಡಿನ ಹುಲ್ಲು ಎಳೆದು ಹಾಕಿದರು. ಬುಧವಾರ ಅವನೂ ರಾಜೀವಿಯೂ ಅಳದಂಗಡಿ ಕಡೆಗೆ ಹೋದರು. ಶುಕ್ರವಾರ ಹುಕ್ರಪ್ಪನ ಸಂಸಾರ ಧನಿಗಳ ಗದ್ದೆ ಬಿಟ್ಟು ಹೋಯಿತು, ಯಾರೂ ಹೋಗು ಅನ್ನದೆ. ಶನಿವಾರ ನಾವು.