ಟೊಳ್ಳು ಮರ ಮತ್ತು ಅಕ್ಕನ ಬುಟ್ಟಿ ಗಾಡಿ

ಶಾಲೆಯ ಗೇಟಿನ ಪಕ್ಕದಲ್ಲಿ ಒಣಗಿದ ದೊಡ್ಡ ಮರವೊಂದಿತ್ತು. ಗಾಳಿ ಬೀಸಿದರೆ ಸಾಕು, ತೋಳುಗಾತ್ರದ ಕೊಂಬೆಗಳು ಮಕ್ಕಳು ಓಡಾಡುವ ದಾರಿಗೇ ಬೀಳುತ್ತಿದ್ದವು. ರಜೆ ಮುಗಿಯುವುದರೊಳಗೆ ಅದನ್ನು ಇಳಿಸಲೇಬೇಕೆಂದು ಹೆಡ್‌ಮಿಸ್ಸು ಇಬ್ಬರಿಗೆ ಹೇಳಿಕಳಿಸಿದರು. ಒಬ್ಬ, ಇಪ್ಪತ್ತು ವರ್ಷದಿಂದ ಹಗ್ಗ ಕಟ್ಟಿಕೊಂಡು ಮರ ಹತ್ತಿ ಕೊಂಬೆ ಕೊಯ್ಯುವವನು. ಇನ್ನೊಬ್ಬಳು ಅವನ ಸ್ವಂತ ಅಕ್ಕ. ಬೀದಿದೀಪ ರಿಪೇರಿಗೆ ಬರುತ್ತದಲ್ಲ, ಆಳನ್ನು ಬುಟ್ಟಿಯಲ್ಲಿ ನಿಲ್ಲಿಸಿ ಮೇಲಕ್ಕೆತ್ತುವ ಗಾಡಿ, ಅದನ್ನು ನಡೆಸುವವಳು.

ಅಕ್ಕ ಬಂದವಳೇ ಮರದ ಬುಡ ನೋಡಿದಳು. ಅಣಬೆ ಎದ್ದಿತ್ತು. ಸುತ್ತಿಗೆಯಿಂದ ತಟ್ಟಿದರೆ ಡೋಲಿನ ಹಾಗೆ ಸದ್ದಾಯಿತು.

“ಒಳಗೆಲ್ಲ ಟೊಳ್ಳು ಕಣೋ. ಹತ್ತಬೇಡ. ಸ್ವಲ್ಪ ತಾಳು, ಗಾಡಿ ನಿಲ್ಲಿಸ್ತೀನಿ.”

“ನೀನು ಗಾಡಿ ನಿಲ್ಲಿಸೋದ್ರಲ್ಲಿ ನಾನು ಅರ್ಧ ಮರ ಇಳಿಸಿರ್ತೀನಿ ಅಕ್ಕ. ಬುಟ್ಟೀಲಿ ನಿಂತ್ಕೊಳ್ಳೋದು ಹತ್ತೋಕೆ ಬಾರದವರಿಗೆ!”

ಊಟದ ಡಬ್ಬಿ ತಂದಿದ್ದ ಅವನ ಹೆಂಡತಿ ಓಡಿ ಬಂದಳು. “ರೀ, ಅತ್ತಿಗೆ ಮಾತು ಕೇಳ್ರೀ.”

“ಹಗ್ಗ ಇದೆಯಲ್ಲೇ, ಯಾಕೆ ಹೆದರ್ತೀಯ?”

“ಹಗ್ಗ ಕಟ್ಟೋದು ಯಾವುದಕ್ಕೆ? ಅದೇ ಮರಕ್ಕೆ ತಾನೆ?” ಎಂದಳು ಅಕ್ಕ. ಅವನು ಆಗಲೇ ಹತ್ತತೊಡಗಿದ್ದ.

ಎರಡು ಮಹಡಿಯಷ್ಟು ಎತ್ತರದಲ್ಲಿ ಒಂದು ದಪ್ಪ ಕೊಂಬೆಗೆ ಹಗ್ಗ ಬಳಸಿ ಭಾರ ಬಿಟ್ಟ. ಲಟ್ಟೆಂದಿತು. ತಲೆಯೆತ್ತಿ ನೋಡಿದರೆ ಕೊಂಬೆಯ ಬುಡದಲ್ಲಿ ಬೆರಳು ತೂರುವಷ್ಟು ಬಿರುಕು! ಅಲುಗಿದರೆ ಅದು ಇನ್ನಷ್ಟು ಬಾಯಿ ಬಿಡುತ್ತಿತ್ತು. ಕಾಂಡವನ್ನು ತಬ್ಬಿಕೊಂಡ.

“ಅಕ್ಕಾ...”

“ಅತ್ತಿಗೆ, ಬೇಗ ಹೋಗ್ರಿ!” ಹೆಂಡತಿ ಚೀರಿದಳು.

ಅಕ್ಕ ಗಾಡಿಯತ್ತ ಓಡಿದಳು. ಆದರೂ ಗಾಡಿ ಮಗುಚದಂತೆ ನೆಲಕ್ಕೆ ಊರುವ ಅದರ ನಾಲ್ಕು ಕಾಲುಗಳ ಅಡಿಗೂ ಹಲಗೆ ಕೊಟ್ಟಳು, ಮಟ್ಟ ನೋಡಿದಳು, ಕರೆಂಟು ತಂತಿ ದೂರವಿದೆಯೇ ಎಂದು ನೋಡಿದಳು. “ಅವಸರದಲ್ಲಿ ಗಾಡಿ ಮಗುಚಿದ್ರೆ ಇಬ್ಬರೂ ಹೋಗ್ತೀವಿ. ನೀನು ಮರದ ಕೆಳಗಿಂದ ದೂರ ಹೋಗಮ್ಮ.”

ತನ್ನ ಸೊಂಟದ ಬೆಲ್ಟನ್ನು ಬುಟ್ಟಿಗೆ ಸಿಕ್ಕಿಸಿಕೊಂಡು, ಬುಟ್ಟಿಯಲ್ಲೇ ಇದ್ದ ಹಿಡಿಗಳಿಂದ ಅದನ್ನು ನಡೆಸುತ್ತ ಮೇಲೇರಿದಳು. ಮೊದಲು ತಮ್ಮನ ಬೆಲ್ಟನ್ನೂ ಬುಟ್ಟಿಗೆ ಸಿಕ್ಕಿಸಿದಳು. “ಈಗ ಮರದ ಹಗ್ಗ ಕಳಚಿಕೊ. ಕೆಳಗೆ ನೋಡಬೇಡ, ನನ್ನ ಮುಖ ನೋಡು.” ಅವನು ಬುಟ್ಟಿಯೊಳಕ್ಕೆ ಕಾಲಿಟ್ಟ.

ಬುಟ್ಟಿ ನಾಲ್ಕು ಮಾರು ದೂರ ಸರಿದಿತ್ತಷ್ಟೆ. ಆ ಕೊಂಬೆ, ಸುತ್ತಿದ್ದ ಹಗ್ಗದ ಸಮೇತ, ಗೇಟಿನ ಮೇಲೆ ಬಿದ್ದು ಕಬ್ಬಿಣವನ್ನೇ ಬಗ್ಗಿಸಿತು.



ಮಧ್ಯಾಹ್ನದ ಮೇಲೆ ಮರವನ್ನು ಬುಟ್ಟಿಯಿಂದಲೇ ತುಂಡುತುಂಡಾಗಿ ಇಳಿಸಿದರು.  ಮನೆಗೆ ಬಂದವನು ಹೆಂಡತಿಗೆ ಹೇಳಿದ: “ಇನ್ನು ಗಾಡಿ ಹೋಗೋ ಕಡೆ ಗಾಡೀನೇ ಕಣೆ. ಹೋಗದ ಕಡೆ ಮರ ಗಟ್ಟಿ ಇದ್ರೆ ಮಾತ್ರ ಹತ್ತೋದು. ಅದೂ, ನನ್ನನ್ನ ಇಳಿಸಬಲ್ಲವನು ಇನ್ನೊಬ್ಬ ಕೆಳಗಿದ್ರೆ.”

ಮರ ಹತ್ತುವ ಅಣ್ಣಂದಿರೇ, ಅವರನ್ನು ಕೆಲಸಕ್ಕೆ ಕರೆಯುವವರೇ, ಸತ್ತ ಮರಕ್ಕೆ ಜೀವಂತ ಮನುಷ್ಯನನ್ನು ಕಟ್ಟಬೇಡಿ. ಬುಟ್ಟಿ ಗಾಡಿ ಬರುವಂತಿದ್ದರೆ ಕರೆಸಿ, ಅದನ್ನು ನಡೆಸಲು ಕಲಿತವರನ್ನೇ ಕರೆಸಿ. “ಬೇಗ ಹತ್ತಪ್ಪಾ” ಎಂದು ಯಾರನ್ನೂ ಅವಸರಪಡಿಸಬೇಡಿ. ಅವರ ದಾರಿ ಕಾಯುವವರು ಮನೆಯಲ್ಲಿದ್ದಾರೆ.