ಅಂಚಿನಲ್ಲಿ ಬರೆದ ಮನೆಗಳು

ಪರೀಕ್ಷಾ ಕೇಂದ್ರದ ಮೇಜಿನ ಹಿಂದೆ ಕೂತಿದ್ದ ಹೆಂಗಸು ನನ್ನ ಪುಸ್ತಕದ ಬೆನ್ನು ಹಿಡಿದು, ತಲೆಕೆಳಗು ಮಾಡಿ, ಎರಡು ಸಲ ಜಾಡಿಸಿದಳು. ಏನೂ ಉದುರಲಿಲ್ಲ. ಬಿಡಿ ಕಾಗದ ಇರಕೂಡದು ಎಂದು ಪರೀಕ್ಷೆಗೆ ಕರೆದ ಪತ್ರದಲ್ಲಿ ಬರೆದಿತ್ತು, ನಾನು ಒಂದೊಂದು ಗುರುತುಪಟ್ಟಿಯನ್ನೂ ಗೋಂದು ಹಚ್ಚಿ ಅಂಟಿಸಿದ್ದೆ. ಈ ಕಸುಬಿನಲ್ಲಿ ಎಲ್ಲರೂ ಹಾಗೆಯೇ. ಪರೀಕ್ಷೆಯಲ್ಲಿ ವಿದ್ಯುತ್ ನಿಯಮಗಳ ಆ ದಪ್ಪ ಪುಸ್ತಕವನ್ನು ತೆರೆದಿಟ್ಟುಕೊಳ್ಳಬಹುದು, ಆದರೆ ಅದರಲ್ಲಿ ಹುಡುಕುವಷ್ಟು ಹೊತ್ತು ಇರುವುದಿಲ್ಲ. ಅದಕ್ಕೇ ಅಂಚಿಗೆ ಬಣ್ಣಬಣ್ಣದ ಗುರುತುಪಟ್ಟಿ. ಒಬ್ಬರ ಪಟ್ಟಿ ನೋಡಿದರೆ ಅವರು ಎಳೆದ ವೈರು ಹೇಗಿರುತ್ತದೆಂದು ಹೇಳಿಬಿಡಬಹುದು ಎನ್ನುತ್ತಾರೆ. ನನ್ನವು ನೆಟ್ಟಗಿದ್ದವು.

ಆಮೇಲೆ ಅವಳು ಪುಟ ಮಗುಚಿದಳು.

"ಇದೇನಿದು, ಬರೆದಿದೀರಲ್ಲ?"

"ಪೆನ್ಸಿಲ್‌ನಲ್ಲಿ," ಎಂದೆ.

"ಪೆನ್ಸಿಲ್ಲೋ ಪೆನ್ನೋ, ಕೈಬರಹ ಇರೋ ಪುಸ್ತಕ ಒಳಗೆ ಬಿಡಲ್ಲ. ಪತ್ರದಲ್ಲೇ ಇದೆ, ಎರಡನೇ ಪುಟ."

ಎರಡನೇ ಪುಟವನ್ನು ನಾನು ಓದಿರಲಿಲ್ಲವೆಂದಲ್ಲ. ಟಿಪ್ಪಣಿ ಬರೆದಿರಬಾರದು ಎಂದಿತ್ತು. ಟಿಪ್ಪಣಿ ಎಂದರೆ ಸೂತ್ರ, ಲೆಕ್ಕ, ಉತ್ತರ ಎಂದುಕೊಂಡಿದ್ದೆ. ನಾನು ಬರೆದದ್ದು ಮನೆಗಳ ಹೆಸರು.

ಐದು ವರ್ಷದ ಹಿಂದೆ ನಾನು ನಮ್ಮೂರಿನ ಶಾಲೆಯ ಅಡುಗೆಮನೆಯಲ್ಲಿದ್ದೆ. ಹದಿನಾಲ್ಕು ವರ್ಷ ಅಲ್ಲಿ ಬೀನ್ಸ್ ಬೇಯಿಸಿದೆ, ಆಲೂಗಡ್ಡೆ ಹಿಸುಕಿದೆ. ಒಂದು ದಿನ ಪಾತ್ರೆ ತೊಳೆಯುವ ಯಂತ್ರ ಕೆಟ್ಟಿತು. ಎವರೆಟ್ ಹ್ಯಾಸ್ಕೆಲ್ ಬಂದರು. ನಮ್ಮ ಕಡೆ ಮೂರು ಊರಿಗೂ ಅವರೊಬ್ಬರೇ ಮಾಸ್ಟರ್ ಎಲೆಕ್ಟ್ರಿಶಿಯನ್, ಅಂದರೆ ಹೊಸಬರನ್ನು ಇಟ್ಟುಕೊಂಡು ಕಲಿಸುವ ಪರವಾನಗಿ ಇದ್ದವರು. ಯಂತ್ರದ ಹಿಂದೆ ಮಲಗಿಕೊಂಡು ಟಾರ್ಚ್ ಹಿಡಿಯೋಕೆ ಯಾರಾದರೂ ಬನ್ನಿ ಎಂದು ಕೂಗಿದರು. ನಾನು ಹಿಡಿದೆ. ಮುಗಿದ ಮೇಲೆ ಎದ್ದು ಕೂತು ನನ್ನನ್ನು ನೋಡಿ, "ಜನಕ್ಕೆ ಟಾರ್ಚ್ ಹಿಡಿಯೋಕೆ ಬರಲ್ಲ. ಒಂದೋ ನನ್ ಕಣ್ಣಿಗೆ ಬಿಡ್ತಾರೆ, ಇಲ್ಲಾ ಅವರು ನೋಡಬೇಕು ಅಂದ್ಕೊಂಡ ಕಡೆ ಬಿಡ್ತಾರೆ. ನೀನು ನಾನು ಮುಂದೆ ಎಲ್ಲಿ ನೋಡ್ತೀನೋ ಅಲ್ಲಿಗೆ ಬಿಟ್ಟೆ," ಎಂದರು.

ಆ ಮಾತು ನನ್ನನ್ನು ಒಂದು ವಾರ ನಿದ್ದೆ ಮಾಡಗೊಡಲಿಲ್ಲ. ನನಗೆ ಏನೋ ಬರುತ್ತದೆ ಎಂದು ಯಾರಾದರೂ ಹೇಳಿ ಬಹಳ ಕಾಲವಾಗಿತ್ತು. ಮುಂದಿನ ಸೋಮವಾರ ಅವರ ಮನೆಗೆ ಹೋಗಿ ಕೆಲಸ ಕೇಳಿದೆ.

"ಮೊದಲು ರಾಜ್ಯದಿಂದ ಹೆಲ್ಪರ್ ಚೀಟಿ ತಗೋ," ಎಂದರು. "ಅದು ಕೈಗೆ ಬರೋ ಮುಂಚೆ ನೀನು ಏನು ಮಾಡಿದ್ರೂ ಗಂಟೆಗೆ ಸೇರಲ್ಲ. ಆಮೇಲೆ ಎಂಟು ಸಾವಿರ ಗಂಟೆ ನನ್ನ ಕಣ್ಣಳತೇಲಿ ಕೆಲಸ. ಸಂಜೆ ಕಾಲೇಜು. ಎಲ್ಲ ಆದಮೇಲೆ ನಾನು ಪ್ರಮಾಣ ಮಾಡಿ ಸಹಿ ಹಾಕ್ತೀನಿ. ಆಮೇಲೆ ಪರೀಕ್ಷೆ. ಪಾಸಾದ್ರೆ ನನ್ನಂಥ ಮುದುಕನ ಹಂಗಿಲ್ಲದೆ ಒಬ್ಬಳೇ ಒಂದು ಮನೆಗೆ ಹೋಗಿ ಕೆಲಸ ಮಾಡಬಹುದು."

ನನ್ನ ಗಂಡ ರೋಸೇರ್ ನಕ್ಕ. "ನಲವತ್ತಾರಕ್ಕೆ ಹೆಲ್ಪರ್. ಎಪ್ಪತ್ತಕ್ಕೆ ಏನೇ, ಪೈಲಟ್ಟಾ?" ಎಂದ. ನಕ್ಕವನೇ ಮರುದಿನದಿಂದ ನನ್ನ ಊಟದ ಡಬ್ಬಿ ಕಟ್ಟತೊಡಗಿದ. ಚಳಿಗಾಲವೆಲ್ಲ ಹಿಮ ತೆಗೆಯುವ ಲಾರಿ ಓಡಿಸಿ ಬೆಳಗಿನ ನಾಲ್ಕಕ್ಕೆ ಬರುವವನು, ಮಲಗುವ ಮೊದಲು ಡಬ್ಬಿ ಕಟ್ಟಿಟ್ಟು ಮಲಗುತ್ತಿದ್ದ.

ಗಂಟೆಗಳು ತುಂಬಿದವು. ಎವರೆಟ್‌ಗೆ ಎಪ್ಪತ್ತೊಂದು ತುಂಬಿತು, ಮೊಣಕಾಲು ಹೋಯಿತು. ಈ ಜೂನ್ ಕೊನೆಗೆ ನಿಲ್ಲಿಸುತ್ತೇನೆಂದು ಹೇಳಿಬಿಟ್ಟರು. ಹತ್ತಿರದ ಇನ್ನೊಬ್ಬ ಮಾಸ್ಟರ್ ಇರುವುದು ಎಪ್ಪತ್ತು ಮೈಲಿ ಆಚೆ, ಆತ ಹೆಲ್ಪರನ್ನು ಇಟ್ಟುಕೊಳ್ಳುವುದಿಲ್ಲ. ಈ ಪರೀಕ್ಷೆ ತಪ್ಪಿದರೆ ಮುಂದಿನದಕ್ಕೆ ಜಾಗ ಸಿಗುವುದು ಆಗಸ್ಟ್‌ನಲ್ಲಿ. ಮಾಸ್ಟರ್ ಇಲ್ಲದ ಹೆಲ್ಪರ್ ಬಲ್ಬು ಬದಲಿಸುವುದಕ್ಕೂ ಲಾಯಕ್ಕಲ್ಲ. ಶಾಲೆಯವರು ಸೆಪ್ಟೆಂಬರ್‌ನಿಂದ ಅಡುಗೆಗೆ ಬರುತ್ತೀಯಾ ಎಂದು ಆಗಲೇ ಕೇಳಿಯೂ ಆಗಿತ್ತು. ಒಮ್ಮೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲವೆಂದು ನನಗೆ ನನ್ನ ಬಗ್ಗೆ ಗೊತ್ತಿತ್ತು.

"ಹಾಗಾದ್ರೆ ನಾನು ಏನು ಮಾಡ್ಲಿ?" ಎಂದು ಮೇಜಿನ ಹೆಂಗಸನ್ನು ಕೇಳಿದೆ.

ಅವಳು ಗಡಿಯಾರ ನೋಡಿದಳು. "ಹನ್ನೆರಡೂವರೆಗೆ ಬಾಗಿಲು ಹಾಕ್ತೀನಿ. ಈಗ ಹನ್ನೊಂದೂ ಹತ್ತು. ಪೆನ್ಸಿಲ್ ಅಂದ್ರಲ್ಲ? ಅಳಿಸ್ಕೊಂಡು ಬನ್ನಿ, ಮತ್ತೆ ನೋಡ್ತೀನಿ. ಒಂದಕ್ಷರ ಉಳಿದಿರಬಾರದು ಆದ್ರೆ."

ಎವರೆಟ್ ಹೊರಗೆ ತಮ್ಮ ಟ್ರಕ್ಕಿನಲ್ಲಿದ್ದರು. ನಮ್ಮೂರಿನಿಂದ ಈ ಬ್ಯಾಂಗರ್ ಪಟ್ಟಣದವರೆಗೆ ಮೂರು ಗಂಟೆ ಓಡಿಸಿಕೊಂಡು ಬಂದು ಕಾಲು ಚಾಚಿ ಕೂತಿದ್ದರು. ವಿಷಯ ಹೇಳಿದೆ.

"ನಂದು ತಗೊಂಡು ಹೋಗು," ಎಂದು ಸೀಟಿನ ಕೆಳಗಿನಿಂದ ತಮ್ಮ ಪುಸ್ತಕ ಎಳೆದರು. ಮೇಲೆ ಇಸವಿ ನೋಡಿದೆ. ಹನ್ನೆರಡು ವರ್ಷ ಹಳೆಯದು. ನಿಯಮಗಳು ಮೂರು ವರ್ಷಕ್ಕೊಮ್ಮೆ ಬದಲಾಗುತ್ತವೆ.

"ಇಷ್ಟು ದಿನ ಇದನ್ನ ನೋಡ್ಕೊಂಡೇ ಹೇಳಿಕೊಡ್ತಿದ್ರಾ?"

"ಕರೆಂಟ್ ಬದಲಾಗಲ್ಲ ಕಣಮ್ಮ," ಎಂದು ಅದನ್ನು ವಾಪಸ್ ತಳ್ಳಿದರು. ಕುಂಟುತ್ತ ಪಕ್ಕದ ಔಷಧಿ ಅಂಗಡಿಗೆ ಹೋಗಿ, ಮಕ್ಕಳು ಬಳಸುವ ಗುಲಾಬಿ ಬಣ್ಣದ ರಬ್ಬರುಗಳ ಪೊಟ್ಟಣ ತಂದರು.

ಕೇಂದ್ರದ ಹಜಾರದಲ್ಲಿ ಒಂದು ಬೆಂಚಿತ್ತು. ಪುಸ್ತಕವನ್ನು ನಡುವೆ ತೆರೆದಿಟ್ಟುಕೊಂಡೆವು. ಎಡಗಡೆ ಪುಟ ನನ್ನದು, ಬಲಗಡೆಯದು ಅವರದು. ಬರಹ ಇದ್ದ ಪುಟಗಳು ನೂರಕ್ಕೂ ಮೇಲಿದ್ದವು. ಕಂಠಪಾಠ ನನಗೆ ಒಲಿದದ್ದೇ ಇಲ್ಲ. ಒಂದು ನಿಯಮ ನೆನಪಿರಬೇಕಾದರೆ ಅದನ್ನು ಎಲ್ಲಿ ಕಂಡೆನೋ ಆ ಮನೆ ನೆನಪಾಗಬೇಕು. ಚಳಿಗಾಲವೆಲ್ಲ ಊಟದ ಮೇಜಿನ ಮುಂದೆ ಕೂತು ಆ ಮನೆಗಳನ್ನು ಅಂಚಿನಲ್ಲಿ ಬರೆದಿದ್ದೆ. ಈಗ ಅವನ್ನು ಉಜ್ಜಿ ಉಜ್ಜಿ ಊದುತ್ತಿದ್ದೆ.

"'ಪಾದ್ರಿ, ಸ್ನಾನದ ತೊಟ್ಟಿ,'" ಎಂದು ಎವರೆಟ್ ಜೋರಾಗಿ ಓದಿದರು. "ಪಾದ್ರಿಗೂ ಸ್ನಾನದ ತೊಟ್ಟಿಗೂ ಏನ್ ಸಂಬಂಧ?"

"ತೊಟ್ಟಿ ಮೇಲೇನೇ ತೂಗುದೀಪ ಬೇಕು ಅಂತ ಕೂತಿದ್ರಲ್ಲ. ಅಲ್ಲಿಂದ ಎಂಟಡಿ ಮೇಲೆ, ಇಲ್ಲಾ ಮೂರಡಿ ಆಚೆ ಇರಬೇಕು ಅಂತ ನೀವು ಹೇಳಿದ್ರಿ."

"ಹೂಂ. ಅವರು ತೊಟ್ಟೀನೇ ಸರಿಸಿದ್ರು." ಅಳಿಸಿದರು. "'ಹಸು ನೀರು ಕುಡೀಲಿಲ್ಲ.' ಇದು ವಯೊಲೆಟ್ ಕೊಟ್ಟಿಗೆ."

ಅದನ್ನು ನಾನು ಹೇಗೆ ಮರೆಯಲಿ. ಹಾಲಿನ ಹಸುಗಳು ನೀರಿನ ತೊಟ್ಟಿಯ ಬಳಿ ಬಂದು, ಮೂತಿ ತಾಗಿಸಿ, ಬೆಚ್ಚಿ ಹಿಂದೆ ಸರಿಯುತ್ತಿದ್ದವು. ವಯೊಲೆಟ್ ಒಬ್ಬಳೇ ಇಪ್ಪತ್ತೆಂಟು ಹಸು ಸಾಕುವವಳು, ನೀರಿಗೆ ದೃಷ್ಟಿ ತಾಗಿದೆಯೆಂದು ನಂಬಿದ್ದಳು. ನಾನು ಕೈಗವಸು ಕಳಚಿ, ಒದ್ದೆ ನೆಲದಲ್ಲಿ ಮಂಡಿಯೂರಿ ತೊಟ್ಟಿ ಮುಟ್ಟಿದೆ. ಕರೆಂಟ್ ತಾಗಿತು, ಇರುವೆ ಕಚ್ಚಿದಷ್ಟೇ. ನೆಲದೊಳಗಿನ ಕಬ್ಬಿಣದ ಜಾಲರಿಗೂ ತೊಟ್ಟಿಗೂ ಜೋಡಣೆಯೇ ಇರಲಿಲ್ಲ. ಜೋಡಿಸಿದ ಸಂಜೆ ಹಸುಗಳು ಸಾಲಾಗಿ ಬಂದು ಕುಡಿದದ್ದನ್ನು ವಯೊಲೆಟ್ ಮತ್ತು ನಾನು ಬಾಗಿಲಿಗೆ ಒರಗಿ ನೋಡುತ್ತಾ ನಿಂತೆವು.

"ಯಾವ ನಿಯಮ?" ಎವರೆಟ್ ಪುಟಕ್ಕೆ ಅಂಗೈ ಮುಚ್ಚಿ ಕೇಳಿದರು.

ಹೇಳಿದೆ. ಸಂಖ್ಯೆಯನ್ನೂ ಹೇಳಿದೆ.

ಅವರು ಅಳಿಸಿದರು. ಅಲ್ಲಿಂದ ಮುಂದೆ ಅದೇ ಆಯಿತು: ಅವರು ಮನೆಯ ಹೆಸರು ಓದುವುದು, ಅಂಗೈ ಮುಚ್ಚುವುದು, ನಾನು ಹೇಳುವುದು, ಇಬ್ಬರೂ ಉಜ್ಜುವುದು. ಬೆಂಚಿನ ಕೆಳಗೆ ಗುಲಾಬಿ ಪುಡಿ ಬಿತ್ತು. ಆಲೂಗಡ್ಡೆ ಗೋದಾಮು, ಸುಟ್ಟುಹೋದ ಚಹಾ ಅಂಗಡಿ, ಬ್ಯೂಲಾ ಅಜ್ಜಿಯ ಅಟ್ಟ. ಎರಡು ಕಡೆ ನನಗೆ ತಪ್ಪಿತು. ಅಲ್ಲಿ ಅವರು ಸುಮ್ಮನೆ ಅಂಗೈ ತೆಗೆದರು.

ಒಂದು ಪುಟದಲ್ಲಿ ಅವರ ರಬ್ಬರು ನಿಂತೇಬಿಟ್ಟಿತು.

"'ಇಲ್ಲಿ ಎವರೆಟ್ ಹೇಳಿದ್ದು ತಪ್ಪು,'" ಎಂದು ನಿಧಾನವಾಗಿ ಓದಿದರು.

ಅವರು ಕನ್ನಡಕ ಮೇಲೇರಿಸಿ ನಿಯಮವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ಇನ್ನೊಮ್ಮೆ ಓದಿದರು.

"ಯಾವತ್ತು ಗೊತ್ತಾಯ್ತು?"

"ಎರಡು ವರ್ಷ ಆಯ್ತು."

"ಎರಡು ವರ್ಷ ನಂಗೆ ಹೇಳ್ಲಿಲ್ಲ ನೀನು."

"ಹೇಳಿದ್ರೆ ಸಹಿ ಹಾಕ್ತಿದ್ರಾ?"

ಅವರು ಯೋಚಿಸಿದರು. "ಒಂದು ವಾರ ಹಾಕ್ತಿರ್ಲಿಲ್ಲ," ಎಂದರು. "ಮತ್ತೆ ಆ ಕೆಲಸ ಎಲ್ಲ? ನಾನು ಹೇಳಿದ ಹಾಗೇ ಬಿಟ್ಟು ಬಂದ್ಯಾ?"

"ನೀವು ಟ್ರಕ್ಕಿಗೆ ಹೋದ ಮೇಲೆ ಸರಿ ಮಾಡಿ ಬರ್ತಿದ್ದೆ."

ಎವರೆಟ್ ನಗುವುದು ಅಪರೂಪ. ಆಗ ಭುಜ ಕುಣಿಯುವಷ್ಟು ನಕ್ಕರು, ಮೇಜಿನ ಹೆಂಗಸು ತಲೆಯೆತ್ತಿ ನೋಡಿದಳು. ಆಮೇಲೆ ಆ ಸಾಲನ್ನು ಪುಟ ಹರಿಯದಂತೆ, ಬಹಳ ಹುಷಾರಾಗಿ ಅಳಿಸಿದರು.

ಹನ್ನೆರಡೂ ಇಪ್ಪತ್ತಕ್ಕೆ ಪುಸ್ತಕ ಮೇಜಿನ ಮೇಲಿಟ್ಟೆ. ಅವಳು ಮಗುಚಿದಳು, ಒಂದು ಕಡೆ ಬೆಳಕಿಗೆ ಹಿಡಿದಳು. "ಗುರುತು ಕಾಣ್ತಿದೆ, ಓದೋಕಾಗಲ್ಲ. ಹೋಗಿ," ಎಂದಳು.

ಒಳಗೆ ಕಂಪ್ಯೂಟರಿನ ಮುಂದೆ ಕೂತಾಗ ಅಂಚುಗಳು ಬೋಳಾಗಿದ್ದವು. ಭಯವಾಗಬೇಕಿತ್ತು, ಆಗಲಿಲ್ಲ. ಪ್ರಶ್ನೆ ಓದುತ್ತಿದ್ದಂತೆ ಮನೆ ಬಂದು ನಿಲ್ಲುತ್ತಿತ್ತು. ಆ ಮನೆಯ ಹಿಂದೆ ಪುಟ. ಕೈ ಪಟ್ಟಿಯನ್ನು ಹಿಡಿದು ತೆರೆಯುತ್ತಿತ್ತು. ಎಲ್ಲಕ್ಕೂ ಹಾಗಾಗಲಿಲ್ಲ. ಮೋಟಾರುಗಳ ಲೆಕ್ಕದಲ್ಲಿ ಇಪ್ಪತ್ತು ನಿಮಿಷ ಒದ್ದಾಡಿದೆ. ಮೋಟಾರು ಕೂರಿಸಿದ ಮನೆಗಳು ನಮ್ಮ ಕಡೆ ಕಡಿಮೆ. ಮೂರು ಪ್ರಶ್ನೆಗಳಿಗೆ ಊಹೆಯ ಮೇಲೆ ಒತ್ತಿದೆ. ಮುಗಿಸುವ ಗುಂಡಿ ಒತ್ತುವಾಗ ಕಣ್ಣು ಮುಚ್ಚಿಕೊಂಡೆನೆಂದು ಹೇಳಲು ನಾಚಿಕೆಯಿಲ್ಲ.

ತೆರೆದಾಗ ಪರದೆಯ ಮೇಲೆ ಎರಡೇ ಸಾಲು ಇತ್ತು. ಗ್ಲೆಂಡಾ ಪೆಲ್ಕಿ. ಉತ್ತೀರ್ಣ.

ಮೇಜಿನ ಹೆಂಗಸು ಅಚ್ಚಾದ ಹಾಳೆಯನ್ನು ಕೊಡುತ್ತ, "ಮನೆಯವರಿಗೆ ಫೋನ್ ಮಾಡಬೇಕಾದ್ರೆ ಆಚೆ ಸಿಗ್ನಲ್ ಚೆನ್ನಾಗಿದೆ," ಎಂದಳು.

ಹೊರಗೆ ಬಂದೆ. ಎವರೆಟ್ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು, ಕಿಟಕಿ ಇಳಿಸಿ ನಿದ್ದೆ ಹೋಗಿದ್ದರು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟವಳು ಕೈ ಹಿಂದೆಗೆದೆ. ವಾಹನ ನಿಲ್ಲಿಸುವ ಜಾಗದ ಅಂಚಿನ ಕಾಂಕ್ರೀಟು ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತೆ.

ನನ್ನ ಮಕ್ಕಳು ಹುಟ್ಟಿದ ಸುದ್ದಿಯನ್ನು ಊರಿಗೆ ಹೇಳಿದ್ದು ರೋಸೇರ್. ನನ್ನ ಮದುವೆ ಗೊತ್ತಾದದ್ದನ್ನು ಹೇಳಿದ್ದು ಅಮ್ಮ, ನಾನು ಇನ್ನೂ ಸರಿಯಾಗಿ ಹೂಂ ಅನ್ನುವ ಮುಂಚೆಯೇ. ಯಾರ ತಪ್ಪೂ ಅಲ್ಲ, ಪ್ರೀತಿಯಿಂದಲೇ ಹೇಳಿದರು. ಆದರೆ ನನ್ನದು ಎಂಬುದು ನನಗೆ ತಲುಪುವ ಹೊತ್ತಿಗೆ ಯಾವಾಗಲೂ ನಾಲ್ಕು ಜನ ಅದನ್ನು ಎತ್ತಿ ಆಡಿಸಿ ಆಗಿರುತ್ತಿತ್ತು. ಇವತ್ತಿನದೂ ಸಂಜೆಗೆ ಹಾಗೇ ಆಗುತ್ತದೆ. ರೋಸೇರ್ ಕೂಗಾಡುತ್ತಾನೆ, ವಯೊಲೆಟ್ ಕೇಕು ತರುತ್ತಾಳೆ. ಆಗಲಿ, ಅದೂ ಬೇಕು ನನಗೆ.

ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಓದಲಿಲ್ಲ, ಹಾರಿಹೋಗದಂತೆ ಕೈಯಿಟ್ಟುಕೊಂಡೆ ಅಷ್ಟೆ. ಒಂದು ಲಾರಿ ಬಂತು, ಹೋಯಿತು.

ಅರ್ಧ ಗಂಟೆಯಾಗಿರಬೇಕು. ಟ್ರಕ್ಕಿನಲ್ಲಿ ಎವರೆಟ್ ಕೆಮ್ಮಿದರು, ಟೋಪಿ ಸರಿಸಿ ನನ್ನನ್ನು ಕಂಡರು.

"ಯಾವಾಗ ಬಂದೆ?" ಎಂದರು.

"ಈಗ ತಾನೆ," ಎಂದೆ.