ಬಾಲಕ್ಕೆ ಹೋಗಿ ಕೂತ ಮೂರು

ಅತ್ತೆ ಕೆಲಸ ಬಿಡುತ್ತೇನೆಂದಾಗ ಸೊಸೆಗೆ ನಂಬಲಾಗಲಿಲ್ಲ. ನೀರು ಶುದ್ಧೀಕರಿಸುವ ಘಟಕದಲ್ಲಿ ಮೀಟರ್ ಓದಿ ಕಂಪ್ಯೂಟರಿಗೆ ಹಾಕುವ ಆ ಕೆಲಸವೆಂದರೆ ಅವರಿಗೆ ಪ್ರಾಣ. ಅಂಥವರು ಮಂಚದ ತುದಿಯಲ್ಲಿ ಮುದುಡಿ ಕೂತಿದ್ದರು.

"ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಆಮೇಲೆ ಒಬ್ಬೊಬ್ಬರ ಹೆಸರೇ ಮರೀತಾ ಬಂದ್ಲು."

"ಅಯ್ಯೋ, ಏನಾಯ್ತು ಅತ್ತೆ?"

"ಅಂಕಿ ಒಂದು ಕಡೆ ಒತ್ತಿದ್ರೆ ಇನ್ನೊಂದು ಕಡೆ ಇರುತ್ತೆ. ನಿನ್ನ ಫಾರಂ ಚೆನ್ನಾಗೇ ಇದೆ ಕಣೇ. ನನ್ನ ತಲೆ ಕೆಟ್ಟಿದೆ."

ಆ ಘಟಕದ ವೆಬ್ ಫಾರಂ ಮಾಡಿದ್ದು ಸೊಸೆಯೇ. ಮಾರುದ್ದದ ಸಂಖ್ಯೆ ಓದಲು ಅತ್ತೆಗೆ ಕಷ್ಟವಾಗಬಾರದೆಂದು, ಅಂಕಿ ಒತ್ತಿದಂತೆಲ್ಲ ಅಲ್ಪವಿರಾಮ ತಾನಾಗಿ ಬೀಳುವ ಹಾಗೆ ಮಾಡಿ, ಮನೆ ತುಂಬ ಜಂಬ ಕೊಚ್ಚಿಕೊಂಡಿದ್ದಳು. ಈಗ ಲ್ಯಾಪ್‌ಟಾಪ್ ತಂದು ಅತ್ತೆಯ ಮುಂದಿಟ್ಟಳು.

"ಇವತ್ತಿನ ಲೀಟರ್ ಲೆಕ್ಕ ಹಾಕಿ, ನೋಡ್ತೀನಿ."

ಅತ್ತೆ ಒತ್ತಿದರು. 4,82,18,907.625. ಒತ್ತಿದವರೇ ನಾಲಿಗೆ ಕಚ್ಚಿಕೊಂಡರು. ಒಂದರ ಪಕ್ಕದ್ದು ಎಂಟಲ್ಲ, ಮೂರು. ಆ ಎಂಟನ್ನು ಅಳಿಸಿ ಮೂರು ಒತ್ತಿದರೆ, ಅದು ಹೋಗಿ ಬಾಲದಲ್ಲಿ ಕೂತಿತು: 48,21,907.6253.

"ನೋಡಿದ್ಯಾ ನನ್ನ ಅವಸ್ಥೆ?"

ನೋಡಿದಳು. ಎಂಟು ಅಳಿದೊಡನೆ ಅಲ್ಪವಿರಾಮಗಳು ಜಾಗ ಬದಲಿಸಿದ್ದವು, ಆ ಗಡಿಬಿಡಿಯಲ್ಲಿ, ಅಂಕಿ ಬೀಳುವ ಜಾಗ ತೋರಿಸುವ ಕರ್ಸರ್ ಕೊನೆಗೆ ನೆಗೆದಿತ್ತು. ಫಾರಂ ಮಾಡಿದ ಈ ಮಹಾತಾಯಿ ಅದನ್ನು ಪರೀಕ್ಷೆ ಮಾಡುವಾಗ ಒಂದೂ ತಪ್ಪಿಲ್ಲದೆ ಸರಸರ ಒತ್ತಿ ಮುಗಿಸಿದ್ದಳಲ್ಲ, ತಿದ್ದುವವರ ಪಾಡು ಹೇಗೆ ಗೊತ್ತಾಗಬೇಕು?

"ಅತ್ತೆ, ನಿಮ್ಮ ತಲೆ ನೆಟ್ಟಗಿದೆ. ಕೆಟ್ಟಿರೋದು ನನ್ನ ಫಾರಂ!"

ಅಲ್ಲೇ ಕೂತು ಸರಿಮಾಡಿದಳು. ಒತ್ತುವಾಗ ಬರೀ ಅಂಕಿ, ಖಾನೆ ಬಿಟ್ಟು ಮುಂದೆ ಹೋದ ಮೇಲಷ್ಟೇ ಅಲ್ಪವಿರಾಮ. ಅತ್ತೆ ಬೇಕೆಂದೇ ತಪ್ಪು ಒತ್ತಿ ತಿದ್ದಿದರು. ಮೂರು ತನ್ನ ಜಾಗದಲ್ಲೇ ನಿಂತಿತು. ನಂಬಿಕೆ ಬರದೆ ಇನ್ನೊಮ್ಮೆ ತಿದ್ದಿದರು. ಆಮೇಲೆ ಅಂಗೈಯಿಂದ ಕಣ್ಣೊರೆಸಿಕೊಂಡರು.

"ಹಾಳಾದವಳೇ, ಎಷ್ಟು ಹೆದರಿಸಿಬಿಟ್ಟೆಯೇ ನನ್ನ! ಆಫೀಸಿಂದ ಬರ್ತಾ ದಾರಿಯುದ್ದಕ್ಕೂ ನಿಮ್ಮ ಹೆಸರುಗಳನ್ನ ಬಾಯಿಪಾಠ ಮಾಡ್ತಿದ್ದೆ, ಗೊತ್ತಾ?"

"ಮೊದಲು ನಿಮ್ಮ ಮುದ್ದಿನ ಮಗನ ಹೆಸರು ತಾನೆ?" ಸೊಸೆ ಛೇಡಿಸಿದಳು.

"ಅವನನ್ನ ಹೆತ್ತಿದ್ದೀನಿ, ಅಷ್ಟು ಬೇಗ ಮರೆಯಲ್ಲ. ನೀನು ಆಮೇಲೆ ಬಂದವಳು. ಮೊದಲು ನೀನೇ ಜಾರಿಹೋಗ್ತೀಯೇನೋ ಅಂತ ಭಯ. ನಿನ್ನ ಹೆಸರಿಂದಾನೇ ಶುರು ಮಾಡ್ತಿದ್ದೆ ಕಣೇ."

ಸೊಸೆ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು, ಅವರ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.